ಕಿವಿಗೆ ಕಡ್ಡಿ ಹಾಕುವ ಮುನ್ನ

ಶನಿವಾರ ಸಂಜೆ. ಬೆಳಗಾದರೆ ಬಲಿಪೂಜೆಗೆ ಹೊರಡಬೇಕು. ತಾಯಿ ಮಕ್ಕಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದ್ದಾಳೆ. ಉಗುರು ಕತ್ತರಿಸಿದ್ದಾಯಿತು, ತಲೆ ಒರೆಸಿದ್ದಾಯಿತು. ಉಳಿದಿರುವುದು ಕಿವಿ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಸುತ್ತಿದ ಕಡ್ಡಿಯನ್ನು ಕಿವಿಯೊಳಗೆ ತಿರುಗಿಸುತ್ತಿದ್ದಾಳೆ. ಅಷ್ಟರಲ್ಲಿ ಚಿಕ್ಕ ಮಗಳು ಓಡಿಬಂದು ಅಮ್ಮನ ಬೆನ್ನ ಮೇಲೆ ಬೀಳುತ್ತಾಳೆ. ಹುಡುಗ ಚೀರುತ್ತಾನೆ. ಹತ್ತಿಯ ತುದಿಯಲ್ಲಿ ರಕ್ತ.

ಪ್ರಿಯ ಓದುಗರೇ, ಸರ್ಜಾಪುರದ ಯಾವ ಮನೆಯಲ್ಲಾದರೂ ಇಂದು ಸಂಜೆಯೇ ಇಂಥದ್ದು ನಡೆಯಬಹುದು. ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ತಿಳಿವಳಿಕೆಯಲ್ಲಿ. ಅಮೆರಿಕದಲ್ಲಿ 1990ರಿಂದ 2010ರವರೆಗೆ ಹತ್ತಿಕಡ್ಡಿಯಿಂದ ಕಿವಿಗೆ ಗಾಯವಾಗಿ ತುರ್ತು ಚಿಕಿತ್ಸೆಗೆ ಬಂದ ಮಕ್ಕಳ ಸಂಖ್ಯೆ ಸುಮಾರು 2 ಲಕ್ಷ 63 ಸಾವಿರ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಅಂದರೆ ದಿನಕ್ಕೆ 34 ಮಕ್ಕಳು. ಹೆಚ್ಚಿನವರಿಗೆ ಗಾಯವಾದದ್ದು ಕಿವಿ ಸ್ವಚ್ಛಮಾಡುವಾಗಲೇ. ನಮ್ಮಲ್ಲಂತೂ ಹತ್ತಿಕಡ್ಡಿಯ ಜೊತೆಗೆ ಹೇರ್‌ಪಿನ್, ಬೆಂಕಿಕಡ್ಡಿ, ಪೊರಕೆಕಡ್ಡಿ, ಪೆನ್ನಿನ ಮುಚ್ಚಳ, ಬೈಕಿನ ಕೀ ಎಲ್ಲವೂ ಕಿವಿಯೊಳಗೆ ಹೋಗುತ್ತವೆ!

ಗುಗ್ಗೆ ಕೊಳೆಯಲ್ಲ

ಕಿವಿಯ ಗುಗ್ಗೆಯನ್ನು ನಾವು ಕೊಳೆ ಎಂದು ತಿಳಿದಿದ್ದೇವೆ. ಅದು ಕೊಳೆಯಲ್ಲ, ಕಾವಲು. ದೊಡ್ಡವರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಭಾಗದಲ್ಲಿ ಮಾತ್ರ ಸಣ್ಣ ಕೂದಲುಗಳೂ ಗುಗ್ಗೆಯನ್ನು ಉಂಟುಮಾಡುವ ಗ್ರಂಥಿಗಳೂ ಇವೆ. ಒಳನುಗ್ಗುವ ಧೂಳನ್ನು ಗುಗ್ಗೆ ಹಿಡಿದಿಡುತ್ತದೆ, ನೀರಿನಿಂದ ಚರ್ಮವನ್ನು ಕಾಪಾಡುತ್ತದೆ, ರೋಗಾಣುಗಳು ಬೆಳೆಯದಂತೆ ತಡೆಯುತ್ತದೆ.

ಅದನ್ನು ಹೊರಹಾಕುವ ಏರ್ಪಾಡೂ ಕಿವಿಯಲ್ಲೇ ಇದೆ. ನಾಳದ ಚರ್ಮ ಒಳಗಿನಿಂದ ಹೊರಕ್ಕೆ, ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಿರುತ್ತದೆ. ನಾವು ಊಟ ಮಾಡುವಾಗ, ಮಾತನಾಡುವಾಗ ದವಡೆಯ ಚಲನೆ ಅದಕ್ಕೆ ನೆರವಾಗುತ್ತದೆ. ಹೀಗೆ ಹಳೆಯ ಗುಗ್ಗೆ ತಾನಾಗಿ ಕಿವಿಯ ಬಾಯಿಗೆ ಬಂದು ಉದುರುತ್ತದೆ. ಕಡ್ಡಿ ಹಾಕಿದಾಗ ಆಗುವುದೇನು? ತುದಿಗೆ ಸ್ವಲ್ಪ ಅಂಟಿಕೊಂಡು ಬರುತ್ತದೆ, ನಮಗೆ ಸಮಾಧಾನವಾಗುತ್ತದೆ. ಆದರೆ ಹೆಚ್ಚಿನ ಪಾಲು ಹಿಂದಕ್ಕೆ ತಳ್ಳಲ್ಪಟ್ಟು, ದಿನದಿನಕ್ಕೆ ಗಟ್ಟಿಯಾಗಿ, ಬಿರಡೆಯಂತೆ ಕುಳಿತುಬಿಡುತ್ತದೆ. ಕಿವಿ ಮಂದವಾಯಿತೆಂದು ಮತ್ತೆ ಕಡ್ಡಿ. ಕಡ್ಡಿಯಿಂದ ಮತ್ತಷ್ಟು ಮಂದ.

ಗಾಯವಾದರೆ

ನಾಳದ ಒಳಭಾಗದ ಚರ್ಮ ಬಹಳ ತೆಳು. ಅದರ ಕೆಳಗೆ ನೇರವಾಗಿ ಮೂಳೆ. ಸ್ವಲ್ಪ ಗೀರಿದರೂ ನೋವು, ಬಾವು, ಕೀವು ಬರಬಹುದು. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರದಿಂದಿರಬೇಕು. ಅವರಲ್ಲಿ ಸಣ್ಣ ಗೀರಿನಿಂದ ಹುಟ್ಟಿದ ಸೋಂಕು ಮೂಳೆಗೂ ಹರಡಿ ಪ್ರಾಣಕ್ಕೆ ಅಪಾಯ ತರಬಹುದು.

ನಾಳದ ಕೊನೆಯಲ್ಲಿ ಕಿವಿಯ ತಮಟೆ ಇದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಕಡ್ಡಿ ತಾಗಿ ಅದು ಹರಿದರೆ ತೀವ್ರ ನೋವು, ರಕ್ತ, ಕಿವುಡು ಉಂಟಾಗುತ್ತವೆ. ಸಣ್ಣ ತೂತಾದರೆ, ನೀರು ಸೋಕದಂತೆ ನೋಡಿಕೊಂಡಲ್ಲಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಮಟೆಯ ಆಚೆಗಿರುವ ಮೂರು ಪುಟ್ಟ ಮೂಳೆಗಳಿಗೋ ಒಳಕಿವಿಗೋ ಪೆಟ್ಟಾದರೆ ತಲೆ ಸುತ್ತು, ವಾಂತಿ ಬರಬಹುದು. ಹೋದ ಶ್ರವಣಶಕ್ತಿ ಮತ್ತೆ ಬಾರದೆಯೂ ಇರಬಹುದು.

ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದನ್ನು ಗಮನಿಸಿದ್ದೀರಾ? ಗಂಟಲಿಗೆ ಹೋಗುವ ನರದ ಒಂದು ಕವಲು ಕಿವಿಯ ನಾಳಕ್ಕೂ ಬರುತ್ತದೆ. ಕೈಯಲ್ಲಿ ಕಡ್ಡಿ ಹಿಡಿದಿರುವಾಗ ಬರುವ ಆ ಒಂದು ಕೆಮ್ಮೇ ಸಾಕು, ತಮಟೆಗೆ ಚುಚ್ಚಲು.

ಎಣ್ಣೆ ಹಾಕಬಹುದೇ?

ಕಿವಿನೋವು ಎಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಕಿವಿಗೆ ಇಳಿದು ಸೋಂಕಿಗೆ ದಾರಿಯಾಗುತ್ತದೆ. ಎಣ್ಣೆ ಬಿಸಿಯಾಗಿದ್ದರೆ ಸುಡುತ್ತದೆ. ತೇವ ನಿಂತ ಕಿವಿಯಲ್ಲಿ ಬೂಷ್ಟು ಬೆಳೆಯುವುದೂ ಉಂಟು. ಗಟ್ಟಿ ಗುಗ್ಗೆಯನ್ನು ಮೆದುಮಾಡಲು ವೈದ್ಯರು ಹನಿಮದ್ದು ಕೊಡುವುದು ನಿಜ. ಆದರೆ ಮೊದಲು ಕಿವಿಯೊಳಗೆ ಬೆಳಕು ಹಾಯಿಸಿ ನೋಡಿದ ಮೇಲೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಕುಳಿತು ಕಿವಿ ಶುಚಿಮಾಡುವವರ ಕಡ್ಡಿ ಎಷ್ಟು ಜನರ ಕಿವಿಯಿಂದ ಬಂದದ್ದೋ ಹೇಳುವವರಿಲ್ಲ. ಕಿವಿಯಲ್ಲಿ ಮೇಣದ ಕೊಳವೆ ಉರಿಸುವ ಹೊಸ ಪದ್ಧತಿಯಿಂದಲೂ ಪ್ರಯೋಜನವಿಲ್ಲ, ಸುಟ್ಟಗಾಯವಾಗುವ ಅಪಾಯವಿದೆ.

ಮನೆಯ ಹಿರಿಯರನ್ನು ಗಮನಿಸಿ

ತಾತ ಕರೆದರೂ ಓಗೊಡುವುದಿಲ್ಲ, ಟಿ.ವಿ.ಯ ಸದ್ದು ಜೋರಾಗಿಡುತ್ತಾರೆ, ಪ್ರಬೋಧನೆಯ ಹೊತ್ತಿಗೆ ತೂಕಡಿಸುತ್ತಾರೆ. ನಾವು ಹಟ ಎನ್ನುತ್ತೇವೆ, ವಯಸ್ಸು ಎನ್ನುತ್ತೇವೆ. ಅವರ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿರಬಹುದಲ್ಲವೇ? ವಯಸ್ಸಾದಂತೆ ಗುಗ್ಗೆ ಒಣಗಿ ಗಟ್ಟಿಯಾಗುತ್ತದೆ. ಶ್ರವಣಯಂತ್ರ ಹಾಕಿಕೊಳ್ಳುವವರಲ್ಲಿ ಅದು ಹೊರಬರಲು ದಾರಿಯೂ ಇರುವುದಿಲ್ಲ. ವೈದ್ಯರು ಅದನ್ನು ತೆಗೆದರೆ ಎಷ್ಟೋ ಜನರಿಗೆ ಅಂದೇ ಕೇಳಿಸತೊಡಗುತ್ತದೆ. ಕೇಳಿಸದವರು ಮೆಲ್ಲಮೆಲ್ಲನೆ ಮಾತುಕತೆಯಿಂದ ದೂರ ಸರಿದು, ತುಂಬಿದ ಮನೆಯಲ್ಲೂ ಒಂಟಿಯಾಗುತ್ತಾರೆ. ಅವರನ್ನು ಗದರುವ ಮೊದಲು ಒಮ್ಮೆ ತೋರಿಸಿಕೊಂಡು ಬನ್ನಿ.

ನೆನಪಿಡಿ

1. ಒದ್ದೆ ಬಟ್ಟೆಯಿಂದ ಹೊರಕಿವಿಯನ್ನು ಮಾತ್ರ ಒರೆಸಿ. ಕಿವಿಯ ತೂತಿನೊಳಗೆ ಏನನ್ನೂ ಹಾಕಬೇಡಿ.

2. ಹತ್ತಿಕಡ್ಡಿಯ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ದೊಡ್ಡವರು ಮಾಡುವುದನ್ನೇ ಅವರು ಅನುಕರಿಸುತ್ತಾರೆ.

3. ಕಿವಿ ಸೋರುತ್ತಿದ್ದರೆ, ಹಿಂದೆ ತಮಟೆ ತೂತಾಗಿದ್ದರೆ, ಇಲ್ಲವೆ ಕಿವಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಎಣ್ಣೆ, ನೀರು, ಹನಿಮದ್ದು ಯಾವುದನ್ನೂ ನೀವಾಗಿ ಹಾಕಬೇಡಿ.

4. ಗಾಯವಾಗಿ ರಕ್ತ ಬಂದರೆ ಒಳಗೆ ಏನನ್ನೂ ತುರುಕದೆ, ನೀರು ಸೋಕಿಸದೆ ವೈದ್ಯರಲ್ಲಿಗೆ ಹೋಗಿ. ತಲೆ ಸುತ್ತುತ್ತಿದ್ದರೆ, ಕೇಳಿಸದೇ ಹೋದರೆ, ಮುಖ ಸೊಟ್ಟಗಾದರೆ ಒಂದು ಗಳಿಗೆಯೂ ತಡಮಾಡಬೇಡಿ.

ಸರ್ಜಾಪುರದವರಿಗೆ ನೆರವು ದೂರವಿಲ್ಲ. ಇದೇ ಸರ್ಜಾಪುರ ರಸ್ತೆಯ ಕೋರಮಂಗಲದ ತುದಿಯಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಕಿವಿ, ಮೂಗು, ಗಂಟಲಿನ ವಿಭಾಗ ಅಲ್ಲಿದೆ. ಶ್ರವಣದೋಷದ ಪರೀಕ್ಷೆ ಮತ್ತು ತರಬೇತಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾಗಿದೆ.

ಜ್ಞಾನಸ್ನಾನದಲ್ಲಿ ಗುರುಗಳು ಮಗುವಿನ ಕಿವಿಯನ್ನೂ ಬಾಯಿಯನ್ನೂ ಹೆಬ್ಬೆರಳಿನಿಂದ ಮುಟ್ಟಿ, ಅದು ದೇವರ ವಾಕ್ಯವನ್ನು ಕೇಳುವಂತಾಗಲಿ ಎಂದು ಪ್ರಾರ್ಥಿಸುವ ವಿಧಿಯೊಂದುಂಟು. ಅಂದು ತಂದೆತಾಯಿಯರಾಗಿ ನಾವೂ ಅಲ್ಲಿ ನಿಂತಿದ್ದೆವು. ಆ ಕಿವಿಯನ್ನು ಜೋಪಾನ ಮಾಡುವ ಹೊಣೆ ನಮ್ಮದು. ಬರುವ ಶನಿವಾರ ಸಂಜೆ ಮಗುವಿನ ತಲೆಯನ್ನು ಧಾರಾಳವಾಗಿ ತೊಡೆಯ ಮೇಲಿಟ್ಟುಕೊಳ್ಳಿ. ಕಡ್ಡಿಯನ್ನು ಬದಿಗಿಟ್ಟು, ಅದರ ಕಿವಿಗೆ ಒಂದು ಒಳ್ಳೆಯ ಕಥೆ ಹಾಕಿ.