ಗಿಟಾರ್ ತಂತಿ: ಲೋಹಕ್ಕೂ ಮೊದಲು ವಯಸ್ಸು ನೋಡಿ

ಅಕೂಸ್ಟಿಕ್ ಗಿಟಾರಿಗೆ ಹೊಸ ತಂತಿ ಕೊಳ್ಳಲು ಹೋದವರಿಗೆ ಮೊದಲು ಎದುರಾಗುವುದು ಪ್ಯಾಕೆಟ್ ಮೇಲಿನ ಲೋಹದ ಹೆಸರುಗಳು: 80/20 ಬ್ರಾಂಜ್, ಫಾಸ್ಫರ್ ಬ್ರಾಂಜ್, ಮೋನೆಲ್. ಒಂದು ಬ್ರೈಟ್, ಇನ್ನೊಂದು ವಾರ್ಮ್ ಎಂದು ಅಂಗಡಿಯವರೂ ಹೇಳುತ್ತಾರೆ, ಪ್ಯಾಕೆಟ್ಟೂ ಹೇಳುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅದೊಂದನ್ನೇ ನಂಬಿ ದುಡ್ಡು ಹಾಕಿದವರು ನಿರಾಶರಾಗುವುದುಂಟು. ನಾದ ಮಂಕಾಗಲು ಬಹಳ ಸಲ ಕಾರಣ ತಂತಿಯ ವಯಸ್ಸು. ಎರಡು ಲೋಹಗಳ ಹೊಸ ತಂತಿಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಲೋಹದ ಹೊಸ ತಂತಿಗೂ ಹಳೇ ತಂತಿಗೂ ಇರುವ ವ್ಯತ್ಯಾಸ ದೊಡ್ಡದು. ಹಾಗಾಗಿ ಲೋಹ ಆರಿಸುವಾಗ ಹೊಳಪು ಎಷ್ಟಿದೆ ಎಂದು ಕೇಳಿದರೆ ಸಾಲದು, ಆ ಹೊಳಪು ನಮ್ಮ ಕೈಯಲ್ಲಿ, ನಮ್ಮೂರಿನ ಹವೆಯಲ್ಲಿ ಎಷ್ಟು ದಿನ ಬಾಳುತ್ತದೆ ಎಂದೂ ಕೇಳಬೇಕು. ಕೆಳಗಿನ ಆರು ಹಂತಗಳು ಈ ಲೆಕ್ಕದ ಮೇಲೆಯೇ ನಿಂತಿವೆ.

1. ಗಿಟಾರ್ ಯಾವುದೆಂದು ಖಚಿತಪಡಿಸಿಕೊಳ್ಳಿ

ಅಗಲ ಕುತ್ತಿಗೆಯ, ಬ್ರಿಡ್ಜಿಗೆ ತಂತಿಯನ್ನು ಗಂಟು ಹಾಕಿ ಕಟ್ಟುವ ಕ್ಲಾಸಿಕಲ್ ಗಿಟಾರಿಗೆ ನೈಲಾನ್ ತಂತಿಯೇ ಬೇಕು. ಬ್ರಿಡ್ಜಿನಲ್ಲಿ ಪಿನ್ನುಗಳಿರುವ ಸಾಮಾನ್ಯ ಅಕೂಸ್ಟಿಕ್ ಗಿಟಾರು ಉಕ್ಕಿನ ತಂತಿಗೆಂದು ಮಾಡಿದ್ದು. ಇದು ಬರೀ ನಾದದ ಪ್ರಶ್ನೆಯಲ್ಲ. ಲೈಟ್ ಗೇಜಿನ ಉಕ್ಕಿನ ಸೆಟ್ ಒಟ್ಟು ಸುಮಾರು 70 ಕಿಲೋ ಬಲದಿಂದ ಗಿಟಾರನ್ನು ಎಳೆಯುತ್ತದೆ. ನೈಲಾನ್ ಸೆಟ್ಟಿನ ಎಳೆತ ಹೆಚ್ಚುಕಡಿಮೆ ಅದರ ಅರ್ಧ. ಹೆಚ್ಚು ಹೊಳಪು ಬರಲೆಂದು ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದರೆ ಬ್ರಿಡ್ಜ್ ಕಿತ್ತು ಬರಬಹುದು, ಕುತ್ತಿಗೆ ಬಾಗಬಹುದು. ಇಲ್ಲಿಂದ ಮುಂದಿನ ಮಾತೆಲ್ಲ ಉಕ್ಕಿನ ತಂತಿಯ ಗಿಟಾರಿಗೆ ಸಂಬಂಧಿಸಿದ್ದು.

2. ಲೋಹದ ಪಾತ್ರ ಎಷ್ಟೆಂದು ತಿಳಿಯಿರಿ

ಪ್ಯಾಕೆಟ್ ಮೇಲೆ ಬರೆದ ಲೋಹ ಸಾಮಾನ್ಯವಾಗಿ ಆರು ತಂತಿಗಳಲ್ಲಿ ನಾಲ್ಕಕ್ಕೆ ಮಾತ್ರ ಅನ್ವಯಿಸುತ್ತದೆ. ಮೊದಲನೆಯ ಮತ್ತು ಎರಡನೆಯ ತಂತಿಗಳು ಬರೀ ಉಕ್ಕು. 80/20 ಸೆಟ್ಟಿನಲ್ಲೂ ಫಾಸ್ಫರ್ ಬ್ರಾಂಜ್ ಸೆಟ್ಟಿನಲ್ಲೂ ಅವು ಒಂದೇ ಬಗೆಯವು. ಉಳಿದ ನಾಲ್ಕರಲ್ಲಿ ಒಳಗೆ ಉಕ್ಕಿನ ಎಳೆ, ಅದರ ಸುತ್ತ ತಾಮ್ರದ ಮಿಶ್ರಲೋಹದ ಸುರುಳಿ. ಈ ಸುರುಳಿ ಏಕೆ ಬೇಕಾಯಿತು? ಮೇಲಿನ ಇ ಸ್ವರ ಸೆಕೆಂಡಿಗೆ ಸುಮಾರು 330 ಕಂಪನ, ಕೆಳಗಿನ ಇ ಸುಮಾರು 82, ಅಂದರೆ ಕಾಲು ಭಾಗ. ಉದ್ದ ಮತ್ತು ಬಿಗಿ ಬದಲಾಗದಂತೆ ಬರೀ ಉಕ್ಕಿನಲ್ಲೇ ಆ ಕೆಳಸ್ವರ ತರಬೇಕಾದರೆ ತಂತಿ ನಾಲ್ಕು ಪಟ್ಟು ದಪ್ಪವಾಗಬೇಕು. ಅಷ್ಟು ದಪ್ಪದ ಉಕ್ಕು ಸರಳಿನಂತೆ ಸೆಟೆದು ನಿಲ್ಲುತ್ತದೆ, ಅದರ ಉಪಸ್ವರಗಳು ಶ್ರುತಿ ತಪ್ಪುತ್ತವೆ. ಸುರುಳಿ ಸುತ್ತಿದರೆ ತೂಕ ಏರುತ್ತದೆ, ಬಳುಕು ಉಳಿಯುತ್ತದೆ. ನಮ್ಮ ತಂಬೂರಿಯಲ್ಲೂ ಮಂದ್ರ ಷಡ್ಜಕ್ಕೆ ಹಿತ್ತಾಳೆ ತಂತಿ, ಉಳಿದವಕ್ಕೆ ಉಕ್ಕು ಎಂಬ ರೂಢಿಯಿದೆ. ಸ್ಥಾಯಿಗೆ ತಕ್ಕ ಲೋಹ ಎಂಬ ತಿಳಿವಳಿಕೆ ನಮ್ಮ ಸಂಗೀತಕ್ಕೆ ಹೊಸದಲ್ಲ. ಒಟ್ಟಿನಲ್ಲಿ, ಕೇವಲ ಮೇಲಿನ ಎರಡು ತಂತಿಗಳ ಕೀರಲು ಧ್ವನಿ ನಿಮ್ಮ ದೂರಾದರೆ ಸುರುಳಿಯ ಲೋಹ ಬದಲಿಸಿ ಪ್ರಯೋಜನವಿಲ್ಲ.

3. ಮೊದಲು ಅದೇ ತಂತಿಯನ್ನು ಹೊಸದಾಗಿ ಕಟ್ಟಿ

ನಾದದ ಹೊಳಪು ಎಂದರೆ ಮೂಲಸ್ವರದ ಮೇಲೆ ಏಳುವ ಉಪಸ್ವರಗಳ ಬಲ. ಬೆವರು, ಎಣ್ಣೆ, ಚರ್ಮದ ಕಣಗಳು ಸುರುಳಿಯ ಸಂದಿಗಳಲ್ಲಿ ಕೂತಾಗ ಸುರುಳಿಗಳ ನಡುವೆ ಘರ್ಷಣೆ ಹೆಚ್ಚುತ್ತದೆ. ಅದಕ್ಕೆ ಮೊದಲು ಬಲಿಯಾಗುವುದು ಎತ್ತರದ ಉಪಸ್ವರಗಳು. ಕೊಳೆ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲವಾದ್ದರಿಂದ ತಂತಿಯ ತೂಕವೂ ಏರುಪೇರಾಗಿ ಶ್ರುತಿ ನಿಲ್ಲುವುದು ಕಷ್ಟವಾಗುತ್ತದೆ. ಆದ್ದರಿಂದ ಈಗಿರುವ ಬ್ರ್ಯಾಂಡು, ಲೋಹ, ಗೇಜಿನದ್ದೇ ಹೊಸ ಸೆಟ್ ಕಟ್ಟಿ ಒಂದೆರಡು ದಿನ ನುಡಿಸಿ. ಬಹುಪಾಲು ದೂರುಗಳು ಇಲ್ಲಿಗೇ ಮುಗಿಯುತ್ತವೆ. ನಾದ ಬೆರಳಲ್ಲಿದೆ, ಮರದಲ್ಲಿದೆ, ತಂತಿಗೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಬೆರಳಿನ ಮಹತ್ವ ನಿಜವೇ: ಬ್ರಿಡ್ಜಿನ ಹತ್ತಿರ ಮೀಟಿದರೆ ಉಪಸ್ವರ ಹೆಚ್ಚು, ಸೌಂಡ್ ಹೋಲಿನ ಮೇಲೆ ಮೀಟಿದರೆ ಕಡಿಮೆ. ಮರವೂ ತನ್ನ ಕೆಲಸ ಮಾಡುತ್ತದೆ. ಆದರೆ ತಂತಿಯಲ್ಲೇ ಸತ್ತುಹೋದ ಉಪಸ್ವರವನ್ನು ಯಾವ ಬೆರಳೂ ಮೀಟಿ ಎಬ್ಬಿಸಲಾರದು, ಯಾವ ಮರವೂ ಮೊಳಗಿಸಲಾರದು.

4. ಈಗ ಲೋಹ ಆರಿಸಿ

80/20 ಎಂದರೆ 80 ಭಾಗ ತಾಮ್ರ, 20 ಭಾಗ ಸತು. ಹೆಸರು ಬ್ರಾಂಜ್ ಎಂದಿದ್ದರೂ ಇದು ಹಿತ್ತಾಳೆಯ ಜಾತಿ. 1930ರ ದಶಕದಿಂದ ಬಳಕೆಯಲ್ಲಿರುವ ಈ ತಂತಿ ಹೊಸದಿರುವಾಗ ಖಣಖಣ ಎನ್ನುತ್ತದೆ, ಆದರೆ ಬೇಗ ಮಂಕಾಗುತ್ತದೆ. ಅಮೆರಿಕದ ಡಿ'ಆಡಾರಿಯೊ ಸಂಸ್ಥೆ 1974ರಲ್ಲಿ ಗಿಟಾರಿಗೆ ತಂದ ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರದ ಪಾಲು ಸುಮಾರು 92; ಉಳಿದದ್ದು ಬಹುಪಾಲು ತವರ, ಜೊತೆಗೆ ಚೂರು ರಂಜಕ. ಇದರ ನಾದ ತುಸು ತುಂಬಿದ್ದು, ಕೆಳಸ್ವರ ದುಂಡಗೆ ಕೇಳುತ್ತದೆ. ಕಿಲುಬಿಗೆ ಇದು ಹೆಚ್ಚು ತಡೆಯುತ್ತದೆ. ನಿಕಲ್ ಮತ್ತು ತಾಮ್ರದ ಮೋನೆಲ್ ಇನ್ನೂ ಗಟ್ಟಿ. ಮೊದಲ ದಿನದ ಮಿನುಗು ಕಡಿಮೆಯಾದರೂ ನಾದ ನಿಧಾನವಾಗಿ ಬದಲಾಗುತ್ತದೆ. ಸೌಂಡ್ ಹೋಲಿಗೆ ಮ್ಯಾಗ್ನೆಟಿಕ್ ಪಿಕಪ್ ಹಾಕಿದವರು ಬ್ರಾಂಜ್ ಸುರುಳಿ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ ಎಂಬುದನ್ನು ನೆನಪಿಡಬೇಕು; ಅವರಿಗೆ ನಿಕಲ್ ಸುರುಳಿಯ ತಂತಿ ಅನುಕೂಲ. ಈ ವ್ಯತ್ಯಾಸಗಳು ಸಭಿಕರಿಗೆ ಕೇಳುತ್ತವೆಯೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. 80/20 ಮತ್ತು ಫಾಸ್ಫರ್ ಬ್ರಾಂಜ್‌ಗಳ ಸಾಂದ್ರತೆಯ ಅಂತರ ಶೇ 2ನ್ನೂ ಮುಟ್ಟುವುದಿಲ್ಲ. ಡ್ರಮ್ಸ್, ಕೀಬೋರ್ಡಿನ ನಡುವೆ ಸ್ಟ್ರಮ್ ಮಾಡುವವರು ಈ ಚಿಂತೆ ಬಿಟ್ಟು ಬಾಳಿಕೆಯನ್ನು ನೋಡಿದರೆ ಸಾಕು. ಒಂಟಿಯಾಗಿ ಬೆರಳಲ್ಲಿ ನುಡಿಸುವವರಿಗೆ, ಮೈಕ್ ಹತ್ತಿರವಿಟ್ಟು ರೆಕಾರ್ಡ್ ಮಾಡುವವರಿಗೆ ಮಾತ್ರ ಸಣ್ಣ ಅಂತರವೂ ಲೆಕ್ಕಕ್ಕೆ ಬರುತ್ತದೆ.

5. ಹವೆ, ಬೆವರು ನೋಡಿ ಕೋಟಿಂಗ್ ತೀರ್ಮಾನಿಸಿ

ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿ ಮತ್ತು ತೇವದಲ್ಲಿ ತಂತಿ ಬೇಗ ಕೆಡುತ್ತದೆ. ಒಣಹವೆಯ ಊರಿನಲ್ಲೂ ಕೈ ಬೆವರುವವರಿಗೆ ಇದೇ ಪಾಡು. ಇಂಥವರಿಗೆ ತೆಳ್ಳನೆಯ ಪಾಲಿಮರ್ ಪದರವಿರುವ ಕೋಟೆಡ್ ತಂತಿ ತಕ್ಕದ್ದು. ಡಬ್ಲ್ಯು. ಎಲ್. ಗೋರ್ ಕಂಪನಿ 1990ರ ದಶಕದಲ್ಲಿ ಎಲಿಕ್ಸರ್ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿತು. ಪದರವೇ ಹೊಳಪನ್ನು ನುಂಗುವುದಿಲ್ಲವೇ ಎಂಬ ಆಕ್ಷೇಪ ಮೊದಲ ವಾರದ ಮಟ್ಟಿಗೆ ಸರಿ. ಆದರೆ ತಿಂಗಳ ನಂತರ ಹೋಲಿಸಿದರೆ, ಸಂದಿಗಳಿಗೆ ಕೊಳೆ ಇಳಿಯದ ತಂತಿಯೇ ಹೆಚ್ಚು ಹೊಳೆಯುತ್ತಿರುತ್ತದೆ. ಬೆಲೆಯನ್ನೂ ಹಾಗೆಯೇ ಲೆಕ್ಕ ಹಾಕಿ: ಸೆಟ್ಟಿನ ದರವನ್ನು ಅದು ಚೆನ್ನಾಗಿ ನುಡಿಯುವ ವಾರಗಳಿಂದ ಭಾಗಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸುವವರಿಗೆ ಬರುವ ಉತ್ತರವೇ ಬೇರೆ, ದಿನವೂ ಅಭ್ಯಾಸ ಮಾಡುವವರಿಗೆ ಬರುವ ಉತ್ತರವೇ ಬೇರೆ. ಯಾವ ತಂತಿಯಾದರೂ ನುಡಿಸುವ ಮೊದಲು ಕೈ ತೊಳೆಯುವುದು, ಆಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸುವುದು ಖರ್ಚಿಲ್ಲದೆ ಆಯುಸ್ಸು ಹೆಚ್ಚಿಸುವ ದಾರಿ.

6. ಒಂದು ಸಲಕ್ಕೆ ಒಂದೇ ಬದಲಾವಣೆ

ಲೋಹ ಬದಲಿಸುವಾಗ ಗೇಜನ್ನು ಬದಲಿಸಬೇಡಿ. 12-53ರ ಸೆಟ್ ಎಂದರೆ ಮೊದಲ ತಂತಿ ಇಂಚಿನ ಸಾವಿರದಲ್ಲಿ 12 ಭಾಗ, ಆರನೆಯದು 53 ಭಾಗ ದಪ್ಪ. ಇದರಿಂದ 10-47ಕ್ಕೆ ಇಳಿದರೆ ಬೆರಳಿಗೆ ಹಗುರ, ಆದರೆ ಬಿಗಿಯೂ ನಾದದ ತುಂಬುತನವೂ ಒಟ್ಟಿಗೇ ತಗ್ಗುತ್ತವೆ. ಆಗ ಕೇಳಿಬಂದ ವ್ಯತ್ಯಾಸಕ್ಕೆ ಲೋಹ ಕಾರಣವೋ ದಪ್ಪ ಕಾರಣವೋ ತಿಳಿಯುವುದಿಲ್ಲ. ಪಿಕ್ಕನ್ನೂ ಬದಲಿಸಬೇಡಿ. ಹಳೇ ತಂತಿ ಬಿಚ್ಚುವ ಮುಂಚೆ ಒಂದು ಚಿಕ್ಕ ಭಾಗ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹೊಸ ತಂತಿ ಕಟ್ಟಿದ ಎರಡನೆಯ ದಿನ ಅದೇ ಕೋಣೆಯಲ್ಲಿ, ಮೊಬೈಲನ್ನು ಅಷ್ಟೇ ದೂರದಲ್ಲಿಟ್ಟು ಅದನ್ನೇ ನುಡಿಸಿ. ನಾಲ್ಕು ವಾರದ ಬಳಿಕ ಮತ್ತೊಮ್ಮೆ. ಹೊಳಪಿನ ಬಗ್ಗೆ ಎರಡನೆಯ ರೆಕಾರ್ಡಿಂಗ್ ಹೇಳುತ್ತದೆ, ಬಾಳಿಕೆಯ ಬಗ್ಗೆ ಮೂರನೆಯದು. ಎರಡು ಲೋಹಗಳನ್ನು ಹೀಗೆ ಪರೀಕ್ಷಿಸಿದವರಿಗೆ ಮುಂದಿನ ಸೆಟ್ ಕೊಳ್ಳಲು ಪ್ಯಾಕೆಟ್ ಮೇಲಿನ ವಿಶೇಷಣಗಳು ಬೇಕಾಗುವುದಿಲ್ಲ. ಎಲ್ಲಿಂದ ಶುರು ಮಾಡುವುದು ಎಂದು ತೋಚದವರು 12-53ರ ಫಾಸ್ಫರ್ ಬ್ರಾಂಜ್‌ನಿಂದ ಆರಂಭಿಸಬಹುದು, ಬೆರಳು ನೋಯುವ ಹೊಸಬರು ಅದರ ತೆಳು ಸೆಟ್ಟಿನಿಂದ. ತಂತಿ ಕಟ್ಟಿದ ತಾರೀಖನ್ನು ಪ್ಯಾಕೆಟ್ ಮೇಲೆ ಬರೆದು ಗಿಟಾರಿನ ಚೀಲದಲ್ಲಿಡಿ. ಮುಂದೆ ನಾದ ಮಂಕಾಯಿತು ಎನಿಸಿದಾಗ ಬೇರೆ ಲೋಹ ಹುಡುಕುವ ಮೊದಲು ಆ ತಾರೀಖು ನೋಡಿ.