ಲಕ್ಕಮ್ಮ ಒಲ್ಲೆನೆಂದ ಅಕ್ಕಿ

ಹರಕೆ ಹೊರುವಾಗ ನಿಮ್ಮ ಮಾತನ್ನು ನೀವೇ ಒಮ್ಮೆ ಕೇಳಿಸಿಕೊಳ್ಳಿ. ಕೆಲಸವಾದರೆ ಇಷ್ಟು ಕೊಡುತ್ತೇನೆ ಎನ್ನುವುದು ವ್ಯಾಪಾರ, ನಂಬಿಕೆಯಲ್ಲ. ನಂಬಿಕೆ ಹೇಗಿರುತ್ತದೆ ಎಂಬುದಕ್ಕೆ ಒಂದು ಕಥೆ ಕೇಳಿ. 12ನೇ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ಬೇರೆಯವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಹೆಚ್ಚು ತಂದನಂತೆ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಬಡವರ ಮನೆ ಅದು. ನಾಳೆಗೆಂದು ಒಂದು ಹಿಡಿ ಎತ್ತಿಟ್ಟಿದ್ದರೆ ಯಾರು ತಪ್ಪು ಹಿಡಿಯುತ್ತಿದ್ದರು? ಆದರೂ ನಾಳೆಯನ್ನು ಆಕೆ ಶಿವನಿಗೇ ಬಿಟ್ಟಳು. ಹಾಗೆಂದು ಗಂಡನನ್ನು ಕಾಯಕ ಬಿಟ್ಟು ಕೂರಲೂ ಬಿಡಲಿಲ್ಲ, ಅದನ್ನು ಮರೆಯಬೇಡಿ. ದುಡಿಯಿರಿ, ಸಂಸಾರಕ್ಕೆ ಬೇಕಾದಷ್ಟು ಇಟ್ಟುಕೊಳ್ಳಿ. ಇವತ್ತು ಸಂಜೆ ದೇವರಿಗೆ ದೀಪ ಹಚ್ಚಿದಾಗ ಮಾತ್ರ ಏನನ್ನೂ ಕೇಳದೆ ಕೈಮುಗಿದು ನೋಡಿ.