ಮೊಬೈಲ್ ಆಟ: ಹವ್ಯಾಸವೇ, ವ್ಯಸನವೇ?

ಲಸಿಕಾ ದಿನದಂದು ಕೂಸನ್ನು ಎತ್ತಿಕೊಂಡು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದ ತಾಯಿಯೊಬ್ಬರು ಚುಚ್ಚುಮದ್ದು ಮುಗಿದ ಮೇಲೂ ಹೋಗದೆ ಬಾಗಿಲ ಬಳಿ ನಿಂತಿದ್ದರು. ಕಾರಣ ಕೇಳಲಾಗಿ, "ನಮ್ಮ ಯಜಮಾನರಿಗೆ ಮೊಬೈಲ್ ಆಟದ ಚಟ ಹತ್ತಿದೆ ಡಾಕ್ಟರೇ. ಕುಡಿತ ಬಿಡಿಸುವುದಕ್ಕೆ ಮಾತ್ರೆ ಕೊಡುತ್ತಾರಂತಲ್ಲ, ಇದಕ್ಕೂ ಒಂದು ಇದ್ದರೆ ಕೊಡಿ" ಎಂದರು. ಇಂತಹ ಕೋರಿಕೆಯು ಈಚಿನ ವರ್ಷಗಳಲ್ಲಿ ಅಪರೂಪವಾಗಿ ಉಳಿದಿಲ್ಲ. ಆದುದರಿಂದ ಈ ವಿಷಯದಲ್ಲಿ ಪತಿಪತ್ನಿಯರು ಅರಿತಿರಬೇಕಾದ ಕೆಲವು ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಮುಂದಿನ ವಾರ ಆಕೆಯ ಪತಿಯನ್ನೂ ಕರೆಸಿ ವಿಚಾರಿಸಿದೆನು. ಅವರದು ರೇಷ್ಮೆ ಬೇಸಾಯ. ಬೆಳೆ ಮಾರಿ ಬಂದ ಮೇಲೆ, ಮುಂದಿನ ಚಾಕಿ ಹುಳು ತರುವವರೆಗಿನ ಬಿಡುವಿನ ದಿನಗಳಲ್ಲಿ ಅವರು ಮೂರು ನಾಲ್ಕು ಗಂಟೆಗಳ ಕಾಲ ಆಡುತ್ತಿದ್ದುದು ನಿಜ. ಆದರೆ ಹುಳುಗಳು ನಾಲ್ಕನೆಯ ಜ್ವರ ಎದ್ದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. ಹುಳುವು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಭಾಗವನ್ನು ತಿನ್ನುವುದು ಆ ಒಂದು ವಾರದಲ್ಲಿಯೇ. ಆಗ ಮೊಬೈಲು ಎಲ್ಲಿದೆ ಎಂಬುದೂ ತಮಗೆ ನೆನಪಿರುವುದಿಲ್ಲವೆಂದರು. ಪತ್ನಿಯೂ ಇದನ್ನು ಒಪ್ಪಿದರು. ರಾತ್ರಿಯ ಸೊಪ್ಪನ್ನು ಅವರು ಒಮ್ಮೆಯೂ ತಪ್ಪಿಸಿರಲಿಲ್ಲ. ಸಾಲವಿರಲಿಲ್ಲ, ಸುಳ್ಳಿರಲಿಲ್ಲ. ಇವರಿಗೆ ವ್ಯಸನವಿಲ್ಲವೆಂದು ನಾನು ಸ್ಪಷ್ಟವಾಗಿ ತಿಳಿಸಿದೆನು.

ಆಟವು ನಮ್ಮ ಜನರಿಗೆ ಹೊಸದೇನಲ್ಲ. ಅಳಗುಳಿಮಣೆ, ಚೌಕಾಬಾರ, ಪಗಡೆ, ಹುಲಿಕಟ್ಟೆಗಳಿಲ್ಲದ ಊರಿರಲಿಲ್ಲ. ದೇವಸ್ಥಾನದ ಜಗಲಿಯ ಕಲ್ಲುಚಪ್ಪಡಿಗಳಲ್ಲಿ ಆ ಆಟಗಳ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. 1997ರಲ್ಲಿ ನೋಕಿಯಾ ಫೋನುಗಳಲ್ಲಿ ಬಂದ ಹಾವಿನ ಆಟವನ್ನು ಇಂದು ತಂದೆತಾಯಿಯರಾಗಿರುವ ಅನೇಕರು ಆಡಿದ್ದಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಲೂಡೋ ಆಟವು ದೂರದ ಊರುಗಳಲ್ಲಿ ಸಿಕ್ಕಿಬಿದ್ದ ಬಂಧುಗಳನ್ನು ಒಂದೇ ಮಣೆಯ ಸುತ್ತ ಕೂರಿಸಿತು. ದುಡಿದ ಮನಸ್ಸಿಗೆ ವಿನೋದ ಬೇಕು. ಆ ವಿನೋದವು ಮಣೆಯ ಮೇಲಿರಲಿ, ಗಾಜಿನ ಪರದೆಯ ಮೇಲಿರಲಿ, ಅದರಿಂದ ಸಂತೋಷಪಡುವುದು ರೋಗವಲ್ಲ.

ಹಾಗಾದರೆ ರೋಗವೆನ್ನುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ರೋಗಗಳ ಒಂದು ಪಟ್ಟಿಯನ್ನು ಇಟ್ಟಿದೆ. ಅದರ ಹನ್ನೊಂದನೆಯ ಆವೃತ್ತಿಯನ್ನು 2019ರ ಮೇ ತಿಂಗಳಲ್ಲಿ ಅಂಗೀಕರಿಸಲಾಯಿತು. 2022ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅದರಲ್ಲಿ 'ಆಟದ ಅಸ್ವಸ್ಥತೆ' ಎಂಬುದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆತಿದೆ. ಅಲ್ಲಿ ಹೇಳಿರುವ ಲಕ್ಷಣಗಳು ಮೂರು. ಯಾವಾಗ ಆಡಬೇಕು, ಎಷ್ಟು ಆಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹತೋಟಿಯು ಕೈತಪ್ಪಬೇಕು. ಊಟ, ನಿದ್ರೆ, ಕಸುಬು, ಮಕ್ಕಳು, ಬೇರೆ ಸಂತೋಷಗಳು ಇವೆಲ್ಲಕ್ಕಿಂತ ಆಟವೇ ಮೇಲಾಗಬೇಕು. ಹಾನಿಯು ಕಣ್ಣಿಗೆ ಕಂಡರೂ ಆಟವು ಮುಂದುವರಿಯಬೇಕು, ಇಲ್ಲವೇ ಹೆಚ್ಚಬೇಕು. ಈ ಮೂರೂ ಕೂಡಿಬಂದು, ಅದರಿಂದ ಜೀವನವು ಗಣನೀಯವಾಗಿ ಕೆಟ್ಟಿದ್ದು, ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟಾದರೂ ಹೀಗೆ ನಡೆದಿರಬೇಕು. ತೀವ್ರವಾಗಿದ್ದಲ್ಲಿ ಮಾತ್ರ ಅದಕ್ಕೂ ಮೊದಲೇ ರೋಗವೆಂದು ನಿರ್ಧರಿಸಬಹುದು. ಇಷ್ಟು ಗಂಟೆ ಆಡಿದರೆ ರೋಗ ಎಂಬ ಲೆಕ್ಕವು ಅಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಈ ಹೆಸರನ್ನು ಪಟ್ಟಿಗೆ ಸೇರಿಸುವಾಗ ವಿದ್ವಾಂಸರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತು. ಹವ್ಯಾಸಕ್ಕಾಗಿ ಆಡುವ ಕೋಟ್ಯಂತರ ಜನರಿಗೆ ರೋಗಿಗಳೆಂಬ ಹಣೆಪಟ್ಟಿ ಅಂಟೀತೆಂದು ಕೆಲವು ಸಂಶೋಧಕರು 2017ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ಅವರ ಭಯವು ಪೂರ್ಣ ನಿರಾಧಾರವೆಂದು ನನಗೆ ತೋರುವುದಿಲ್ಲ. ರೋಗವು ನಿಜವಾಗಿ ಇರುವವರನ್ನು ಕಂಡಿದ್ದೇನೆ. ಇಲ್ಲದವರಿಗೆ ಆ ಹೆಸರನ್ನಿಟ್ಟು ಸಂಸಾರದಲ್ಲಿ ಕಹಿ ತುಂಬಿರುವುದನ್ನೂ ಕಂಡಿದ್ದೇನೆ. ಮಕ್ಕಳ ಮುಂದೆ, ಅತ್ತೆಮಾವಂದಿರ ಮುಂದೆ 'ಚಟಗಾರ' ಎಂದು ಕರೆಸಿಕೊಂಡ ಪುರುಷನು ಆಟವನ್ನು ಬಿಡುವುದಿಲ್ಲ, ಬಚ್ಚಿಟ್ಟುಕೊಂಡು ಆಡತೊಡಗುತ್ತಾನೆ.

ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವು ಸ್ರವಿಸುವುದರಿಂದಲೇ ಆಟವು ಅಮಲಿನಂತೆ ಎಂದು ಕೆಲವರು ಹೇಳುವುದುಂಟು. ಆಟವಾಡುವಾಗ ಈ ದ್ರವ್ಯವು ಬಿಡುಗಡೆಯಾಗುವುದನ್ನು 1998ರಲ್ಲಿ ಲಂಡನ್ನಿನಲ್ಲಿ ಅಳೆದು ತೋರಿಸಿದ್ದೂ ಸತ್ಯವೇ. ಆದರೆ ಹಸಿದಾಗ ಉಣ್ಣುವ ಊಟದಿಂದಲೂ, ಇಂಪಾದ ಹಾಡಿನಿಂದಲೂ, ದಾಂಪತ್ಯ ಸುಖದಿಂದಲೂ ಇದೇ ದ್ರವ್ಯವು ಕೆಲಸ ಮಾಡುತ್ತದೆ. ಅದೊಂದನ್ನೇ ಹಿಡಿದು ವ್ಯಸನವೆನ್ನಲಾಗದು. ಬಹುಕಾಲ ಕುಡಿದವನು ಒಮ್ಮೆಗೇ ಬಿಟ್ಟರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಪ್ರಾಣಾಪಾಯವೂ ಆಗಬಹುದು. ಆಟ ಬಿಟ್ಟವನಿಗೆ ಸಿಡಿಮಿಡಿ, ಬೇಸರ, ಚಡಪಡಿಕೆಗಳು ಉಂಟಾಗಬಹುದೇ ಹೊರತು ದೇಹವು ಹೀಗೆ ಕುಸಿಯುವುದಿಲ್ಲ.

ಇನ್ನು ಆಟವು ಸೆಳೆಯುವ ಬಗೆಯನ್ನು ತಿಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಪಗಡೆಯಲ್ಲಿ ಯಾವ ಎಸೆತಕ್ಕೆ ಬೇಕಾದ ಗರ ಬೀಳುವುದೋ ತಿಳಿಯದಿರುವುದರಿಂದಲೇ ಇನ್ನೊಂದು ಎಸೆತಕ್ಕೆ ಕೈ ತುಡಿಯುತ್ತದೆ. ಮೊಬೈಲ್ ಆಟಗಳೂ ಇದೇ ಸೂತ್ರದ ಮೇಲೆ ನಿಂತಿವೆ. ಮಿಠಾಯಿಗಳನ್ನು ಹೊಂದಿಸುವ ಆಟವೊಂದರಲ್ಲಿ ಐದು 'ಜೀವ'ಗಳಿರುತ್ತವೆ. ಕಳೆದುಕೊಂಡ ಒಂದೊಂದೂ ಅರ್ಧ ಗಂಟೆಗೊಮ್ಮೆ ಮರಳುತ್ತದೆ. ಆದ್ದರಿಂದ ಒಲೆಯ ಮೇಲಿಟ್ಟ ಹಾಲಿನ ಹಾಗೆ ಅದನ್ನು ಮತ್ತೆ ಮತ್ತೆ ನೋಡಬೇಕೆನಿಸುತ್ತದೆ. ನೂರು ಮಂದಿ ಇಳಿದು ಕಡೆಗೆ ಒಬ್ಬರೋ ಒಂದು ತಂಡವೋ ಉಳಿಯುವ ಬಂದೂಕಿನ ಆಟವು ಒಮ್ಮೆ ಆರಂಭವಾದರೆ ಅರ್ಧ ಗಂಟೆಯವರೆಗೂ ನಡೆಯಬಹುದು, ನಡುವೆ ತಡೆಹಿಡಿಯುವಂತಿಲ್ಲ. ಜೊತೆಗಾರರು ಬೇರೆ ಊರಿನಲ್ಲಿ ಕುಳಿತು ಕಾಯುತ್ತಿರುತ್ತಾರೆ. ಊಟಕ್ಕೆ ಕರೆದಾಗ "ಒಂದು ನಿಮಿಷ" ಎಂದವರು ಇಪ್ಪತ್ತು ನಿಮಿಷ ಏಳದಿರುವುದಕ್ಕೆ ಇದೇ ಕಾರಣ. ತಟ್ಟೆ ಹಾಕುವ ಹೊತ್ತಿಗೆ ಹೊಸ ಆಟ ಆರಂಭಿಸಬಾರದು ಎಂಬ ಒಂದೇ ಕಟ್ಟಳೆಯು ರೇಷ್ಮೆ ಬೆಳೆಗಾರ ದಂಪತಿಗಳ ಮನೆಯಲ್ಲಿ ಚೆನ್ನಾಗಿ ನಡೆದಿದೆ.

ಈಗ ಇನ್ನೊಬ್ಬರ ವಿಷಯ. ಇವರು ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದವರು. ದಿನಕ್ಕೆ ಎಷ್ಟು ಹೊತ್ತು ಆಡುತ್ತೀರೆಂದರೆ ಇವರೂ ಮೂರು ನಾಲ್ಕು ಗಂಟೆ ಎಂದರು. ಆದರೆ ಆ ಗಂಟೆಗಳು ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನವು. ಬೆಳಗಿನ ಹಾಲು ಕರೆಯುವ ಕೆಲಸವು ಮೊದಲು ಪತ್ನಿಯ ಪಾಲಾಯಿತು, ಆಕೆ ಎರಡನೆಯ ಬಾರಿಗೆ ಗರ್ಭಿಣಿಯಾದ ಮೇಲೂ ಹಾಗೆಯೇ ನಡೆಯಿತು. ಮಗುವಿನ ಮೇಲೆ ಆಣೆ ಇಟ್ಟು ಆಟವನ್ನು ಅಳಿಸಿದರು, ವಾರದೊಳಗೆ ಮತ್ತೆ ಹಾಕಿಕೊಂಡರು. ಹೀಗೆ ನಾಲ್ಕು ಬಾರಿ. ಒಂದು ಹಸುವನ್ನು ಮಾರಿದರು. ಸುಗ್ಗಿ ಬಂದರೂ, ಜಾತ್ರೆ ಬಂದರೂ, ಕೂಸಿಗೆ ಜ್ವರ ಬಂದರೂ ಆಟದ ಹೊತ್ತು ಕದಲಲಿಲ್ಲ. "ಆಡುವಾಗ ಖುಷಿಯೂ ಆಗುವುದಿಲ್ಲ ಸಾರ್, ಬಿಟ್ಟಿರಲಾರೆ ಅಷ್ಟೆ" ಎಂದು ಅವರು ತಲೆ ತಗ್ಗಿಸಿ ಹೇಳಿದರು. ಗಂಟೆಗಳ ಲೆಕ್ಕದಲ್ಲಿ ಈ ಇಬ್ಬರೂ ಸಮಾನರು. ಒಬ್ಬರ ಆಟವು ಬದುಕಿನ ಬಿಡುವನ್ನು ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಇನ್ನೊಬ್ಬರಲ್ಲಿ ಬದುಕೇ ಆಟಕ್ಕೆ ಎಡೆಮಾಡಿಕೊಡುತ್ತ ಕುಗ್ಗಿದೆ.

ಈ ಎರಡನೆಯವರನ್ನು ಪರೀಕ್ಷಿಸಿದಾಗ ಮತ್ತೊಂದು ಅಂಶ ತಿಳಿದುಬಂದಿತು. ಹಿಂದಿನ ವರ್ಷ ಅಣ್ಣನು ತೀರಿಕೊಂಡ ಮೇಲೆ ಅವರಿಗೆ ನಿದ್ರೆಯಿರಲಿಲ್ಲ, ಹಸಿವಿರಲಿಲ್ಲ, ಬದುಕು ಬೇಡವೆನಿಸುತ್ತಿತ್ತು. ಆಟವು ಆನಂತರ ಬಂದದ್ದು. ಆಟದ ಹಿಂದೆ ಖಿನ್ನತೆಯಾಗಲಿ ಆತಂಕವಾಗಲಿ ಅಡಗಿರುವುದು ಅಪರೂಪವಲ್ಲ. ಇದು ಸ್ತ್ರೀಯರಿಗೂ ಅನ್ವಯಿಸುತ್ತದೆ. ಬಾಣಂತಿಯೊಬ್ಬಳು ರಾತ್ರಿ ಮಗುವಿಗೆ ಹಾಲೂಡಿಸುತ್ತ ಎಚ್ಚರವಾಗಿರಲು ಮೊಬೈಲಿನಲ್ಲಿ ಏನೋ ಆಡಿದರೆ ಅದು ತಪ್ಪಲ್ಲ. ಅತ್ತೆಯವರು ಅದನ್ನು ದೊಡ್ಡದು ಮಾಡಬೇಕಾಗಿಲ್ಲ. ಆದರೆ ಆಕೆ ಮಗುವನ್ನು ನೋಡಲು ಮನಸ್ಸಿಲ್ಲದೆ, ಕಾರಣವಿಲ್ಲದೆ ಅಳುತ್ತ, ಮಗು ಮಲಗಿದಾಗಲೂ ನಿದ್ರಿಸದೆ ಆಟದೊಳಗೆ ಮುಖ ಹುದುಗಿಸಿದ್ದರೆ, ಬೈಯುವುದನ್ನು ಬಿಟ್ಟು ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಅದು ಹೆರಿಗೆಯ ನಂತರದ ಖಿನ್ನತೆಯಾಗಿರಬಹುದು.

ವ್ಯಸನವಲ್ಲ ಎಂದ ಮಾತ್ರಕ್ಕೆ ಪತ್ನಿಯ ದೂರು ಸುಳ್ಳಾಗುವುದಿಲ್ಲ ಎಂಬುದನ್ನು ಪುರುಷರು ಇಲ್ಲಿ ಗಮನಿಸಬೇಕು. ರೇಷ್ಮೆ ಬೆಳೆಗಾರರ ಪತ್ನಿಯನ್ನು ಮತ್ತೆ ಕೇಳಲಾಗಿ ಆಕೆಯ ದುಃಖವು ಬೇರೆಯೇ ಆಗಿತ್ತು. ಇಡೀ ದಿನ ಇಬ್ಬರೂ ಸೊಪ್ಪು ಕೊಯ್ಯುತ್ತಾರೆ. ಸಂಜೆ ಅವರಿಗೆ ಆಟ, ಈಕೆಗೆ ಅಡಿಗೆ, ಪಾತ್ರೆ, ಕೂಸು. "ಅವರಿಗೆ ಬಿಡುವಾದಾಗ ನನಗೂ ಬಿಡುವಾಗಬೇಕಲ್ಲವೇ?" ಎಂದು ಆಕೆ ಕೇಳಿದರು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಮದ್ದಿಲ್ಲ. ಆದರೆ ಪ್ರಶ್ನೆಯು ನ್ಯಾಯವಾದದ್ದು. ಈ ಲೇಖಕನೂ ರಾತ್ರಿ ಮೊಬೈಲಿನಲ್ಲಿ ಚದುರಂಗ ಆಡುವುದುಂಟು. ಆ ದಿನ ವಸತಿಗೃಹಕ್ಕೆ ಹಿಂದಿರುಗಿದವನು ಅಡಿಗೆಮನೆಯ ಕಡೆ ಒಮ್ಮೆ ನೋಡಬೇಕಾಯಿತು.

ದೇಹಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಹೆಚ್ಚಿನ ಹಾನಿಯಾಗುವುದು ನಿದ್ರೆಗೆ. ಮಲಗುವ ಮುನ್ನ ಒಂದು ಗಂಟೆ ಮೊಬೈಲನ್ನು ದೂರವಿಡಿರಿ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬಳಿ ನೋವು ಬಂದರೆ ಅದು ಸ್ನಾಯುರಜ್ಜುವಿನ ಊತವಿರಬಹುದು. ಕೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಇದು ಬರುವುದರಿಂದ ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹೊರಿಸಬಾರದು.

ಹಣ ಕಟ್ಟಿ ಆಡುವ ಆಟಗಳ ಮಾತೇ ಬೇರೆ. ಇಸ್ಪೀಟು, ರಮ್ಮಿ, ಕ್ರಿಕೆಟ್ ತಂಡ ಕಟ್ಟುವುದು, ಹೆಸರೇನೇ ಇರಲಿ, ಹಣ ಇಟ್ಟು ಹಣ ಪಡೆಯುವ ಆಸೆಯಿದ್ದಲ್ಲಿ ಇಲ್ಲಿಯವರೆಗೆ ಹೇಳಿದ ಸಮಾಧಾನವು ಅನ್ವಯಿಸುವುದಿಲ್ಲ. ಜೂಜಿನ ವ್ಯಸನವನ್ನು ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಹೇಳಿದೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಮತ್ತೆ ಕಟ್ಟುವುದು, ಮೊಬೈಲಿನಲ್ಲಿಯೇ ಸಿಗುವ ಸಾಲ, ಅಡವಿಟ್ಟ ತಾಳಿ, ಕಡೆಗೆ ಕೀಟನಾಶಕದ ಸೀಸೆ ಎಂಬ ದಾರಿಯು ಬಹು ಹತ್ತಿರದ್ದು. ಅಂತರಜಾಲದ ಹಣದ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆಡಿ ಸೋತವರನ್ನು ಶಿಕ್ಷಿಸುವುದು ಅದರ ಗುರಿಯಲ್ಲವಾದ್ದರಿಂದ ನಾಚಿಕೆಯಿಂದಲೋ ಭಯದಿಂದಲೋ ಸಾಲವನ್ನು ಮುಚ್ಚಿಡದೆ ಮನೆಯಲ್ಲಿ ಹೇಳಿರಿ.

ನಿಮ್ಮ ಮನೆಯಲ್ಲಿ ಸಂಶಯವಿದ್ದರೆ ಕೈಯಿಂದ ಮೊಬೈಲು ಕಿತ್ತುಕೊಳ್ಳಬೇಡಿರಿ, ಒಡೆಯಬೇಡಿರಿ. ಎರಡು ವಾರಗಳ ಮಟ್ಟಿಗೆ ಇಬ್ಬರೂ ಒಪ್ಪಿ ಒಂದು ಹೊತ್ತನ್ನು ಗೊತ್ತುಮಾಡಿ, ಆ ಹೊತ್ತಿನ ಹೊರಗೆ ಆಡದೆ ನೋಡಿರಿ. ಗೊಣಗುತ್ತಲಾದರೂ ಪಾಲಿಸಬಲ್ಲವರು ಸಾಮಾನ್ಯವಾಗಿ ಹವ್ಯಾಸಿಗಳು. ಪ್ರಾಮಾಣಿಕವಾಗಿ ಯತ್ನಿಸಿಯೂ ಮತ್ತೆ ಮತ್ತೆ ತಪ್ಪುವವರು ನೆರವು ಪಡೆಯತಕ್ಕದ್ದು. ಆಟ ಬಿಡಿಸುವ ಮಾತ್ರೆ ಎಂಬುದಿಲ್ಲ. ಹಾಗೆಂದು ಮಾರುವ ಪುಡಿ, ಲೇಹ್ಯಗಳಿಗೆ ಹಣ ಕೊಡಬೇಡಿರಿ. ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಖಿನ್ನತೆ ಇದ್ದರೆ ಅದಕ್ಕೆ ಔಷಧಿಯುಂಟು. ಹಸು ಮಾರಿದ ಆ ರೈತರು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾರೆ. ಈಗ ಬೆಳಗಿನ ಹಾಲನ್ನು ಅವರೇ ಕರೆಯುತ್ತಾರೆ. ನಡುವೆ ಒಮ್ಮೆ ಜಾರಿ ಮತ್ತೆ ಎದ್ದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ವಿಶೇಷ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ಬಾಯಿಂದ ಬಂದಿದ್ದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಡೆಗೆ ಸಾಗಿಸಿ, ಅವರನ್ನು ಒಂಟಿಯಾಗಿ ಬಿಡದೆ ಆ ದಿನವೇ ಕರೆತನ್ನಿರಿ. ಉಳಿದವರು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರರೋಗಿಗಳ ವೇಳೆಯಲ್ಲಿ ಬರಬಹುದು. ಬರುವಾಗ ಪತಿಪತ್ನಿಯರು ಇಬ್ಬರೂ ಕೂಡಿ ಬರುವುದು ಉತ್ತಮ.